ಐದೂವರೆ ಅಡಿ ಕೊಡೆ ತಂದರೂ ಅಜ್ಜಿಯ ಫೋಟೋದಲ್ಲಿ ಬೆಳಕು ಮೆತ್ತಗಾಗಿಲ್ಲ, ಎಲ್ಲಿ ತಪ್ಪಿದೆ?

ಫೋಟೋ ಫೋರಂನಲ್ಲಿ ‘ತುಂಗೆಯಾಚೆ’ ಹೆಸರಿನವರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೆಲಸ ಬೆಂಗಳೂರಲ್ಲಿ, ಊರು ತೀರ್ಥಹಳ್ಳಿ ಹತ್ತಿರ. ಫೋಟೋ ತೆಗೆಯುವುದು ನನಗೆ ಹವ್ಯಾಸ, ಹೊಟ್ಟೆಪಾಡಲ್ಲ. ಅಜ್ಜಿಗೆ ಈ ಸಲ 84 ತುಂಬಿತು. ಅವರದ್ದೊಂದು ಒಳ್ಳೇ ಫೋಟೋ ನಮ್ಮ ಮನೆಯಲ್ಲಿಲ್ಲ. ಇರುವುದು ಆಧಾರ್ ಕಾರ್ಡಿನದ್ದು. ಅದರಲ್ಲಿ ಅಜ್ಜಿ ಯಾರಿಗೋ ಬೈಯಲು ಹೊರಟ ಹಾಗಿದ್ದಾರೆ.

ಈ ಫೋಟೋಗೆ ಅಂತಲೇ 165 ಸೆಂ.ಮೀ. ಬಿಳಿ ಕೊಡೆ ತರಿಸಿದೆ. ಶೂಟ್‌ಥ್ರೂ, ಅಂದರೆ ಫ್ಲ್ಯಾಶ್ ಬೆಳಕು ಬಟ್ಟೆಯನ್ನು ಹಾದು ಮೆತ್ತಗಾಗಿ ಬರುವಂಥದ್ದು. 16 ಕಡ್ಡಿ ಇವೆ. ಬಿಡಿಸಿದರೆ ಅರ್ಧ ಜಗಲಿ ತುಂಬುತ್ತದೆ. ಹೋದ ಶನಿವಾರ ಸಂಜೆ ಬಿಡಿಸಿದ ಕೂಡಲೇ ಅಜ್ಜಿ, "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ್ನಂತೆ" ಅಂದರು. ಅಲ್ಲಿಂದಲೇ ಕೆಟ್ಟಿತು ಅನಿಸುತ್ತದೆ.

ಒಂದು ಸ್ಪೀಡ್‌ಲೈಟ್ (ಬಿಡಿ ಫ್ಲ್ಯಾಶ್), ಅದನ್ನು ದೂರದಿಂದ ಹೊಡೆಸುವ ಟ್ರಿಗರ್, ಸ್ಟ್ಯಾಂಡ್. ಕೊಡೆ ಅಜ್ಜಿಯ ಎಡಗಡೆ, 45 ಡಿಗ್ರಿಯಲ್ಲಿ. ಫ್ರೇಮಿನೊಳಗೆ ಬರಬಾರದು ಅಂತ ಮೂರೂವರೆ ಮೀಟರ್ ದೂರ ಇಟ್ಟಿದ್ದೆ. 85 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 4, ಶಟರ್ 1/160 ಸೆಕೆಂಡ್, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 400, ಫ್ಲ್ಯಾಶ್ ಅರ್ಧ ಪವರ್.

ಬಂದದ್ದು ನೋಡಿ, ಜೊತೆಗೆ ಹಾಕಿದ್ದೇನೆ. ಮೂಗಿನ ನೆರಳು ಕೆನ್ನೆ ಮೇಲೆ ಪೆನ್ಸಿಲಲ್ಲಿ ಗೀಚಿದ ಹಾಗಿದೆ. ಹಣೆ ಎಣ್ಣೆ ಹಚ್ಚಿದಂತೆ ಮಿಂಚುತ್ತಿದೆ. ಕನ್ನಡಕದಲ್ಲಿ ಬಿಳಿ ಚುಕ್ಕೆ. ಬಲಗೆನ್ನೆ ಹಸಿರು, ಗಲ್ಲದ ಕೆಳಗೆ ಕೆಂಪು. ಬರೀ ಫ್ಲ್ಯಾಶ್ ಹೊಡೆದಿದ್ದರೂ ಇಷ್ಟೇ ಬರುತ್ತಿತ್ತು ಅಲ್ವಾ? 7 ಅಡಿಯ ಕೊಡೆಯೂ ಸಿಗುತ್ತದಂತೆ. ಅದನ್ನೇ ತರಬೇಕಾ?

---

ಕ್ಲಿಕ್‌ಕಿಟ್ಟಿ ಉತ್ತರ:

ಕೊಡೆ ಸುಮ್ನೆ ದಂಡ, ಬ್ರೋ. ಬೆಳಕು ಎಲ್ಲಾ ಕಡೆ ಚೆಲ್ಲುತ್ತೆ. ಮಾರಿ ಒಂದು ಸಾಫ್ಟ್‌ಬಾಕ್ಸ್ (ಮುಂದೆ ಬಿಳಿ ಬಟ್ಟೆ ಇರುವ ಲೈಟ್ ಡಬ್ಬಿ) ತಗೊಳ್ಳಿ.

---

ಹಳೇ ಸ್ಟುಡಿಯೋ ಉತ್ತರ:

ಏನೂ ಮಾರಬೇಡಿ, ಏನೂ ಕೊಳ್ಳಬೇಡಿ. ಮೊದಲು ಆ ಫೋಟೋ ಕಂಪ್ಯೂಟರಿನಲ್ಲಿ ತೆರೆದು ಅಜ್ಜಿಯ ಕನ್ನಡಕವನ್ನು ಎಷ್ಟು ಆಗುತ್ತೋ ಅಷ್ಟು ದೊಡ್ಡದು ಮಾಡಿ ನೋಡಿ. ನಾನು ನೋಡಿದೆ. ನೀವು ಬಿಳಿ ಚುಕ್ಕೆ ಅಂದಿದ್ದೀರಲ್ಲ, ಅದು ಚುಕ್ಕೆ ಅಲ್ಲ. ಅದು ನಿಮ್ಮ ಕೊಡೆಯೇ. ಅದರ ಸುತ್ತ ಮಸುಕು ಬೂದು ಬಣ್ಣದ ದೊಡ್ಡ ಉರುಟು ಇದೆ, ಕಡ್ಡಿಗಳ ಗೆರೆಯೂ ಕಾಣುತ್ತದೆ. ನಡುವೆ ಮಾತ್ರ ಅಂಗೈಯಷ್ಟು ಜಾಗ ಉರಿಯುತ್ತಿದೆ. ದೊಡ್ಡ ಕಾವಲಿ ಮೇಲೆ ಒಂದು ಸೌಟು ಹಿಟ್ಟು ಹುಯ್ದು ಹರಡದೆ ಬಿಟ್ಟರೆ ಹೇಗಿರುತ್ತದೆ, ಹಾಗೆ. ಕಾವಲಿ ದೊಡ್ಡದಾದರೇನು, ದೋಸೆ ಸಣ್ಣದೇ.

ನಿಮ್ಮ ಫ್ಲ್ಯಾಶಿನ ಜೂಮ್ ಎಷ್ಟರಲ್ಲಿತ್ತು? 105ರಲ್ಲಿ ಅಂತ ನನ್ನ ಊಹೆ. ಆಗ ಬೆಳಕು ಟಾರ್ಚ್ ಬಿಟ್ಟ ಹಾಗೆ ಕೊಡೆಯ ಹೊಕ್ಕುಳಿಗೆ ಮಾತ್ರ ಬೀಳುತ್ತದೆ. ಐದೂವರೆ ಅಡಿಯಲ್ಲಿ ನೀವು ಬಳಸಿದ್ದು ಒಂದೂವರೆ ಅಡಿ. ಜೂಮನ್ನು 24ಕ್ಕೆ ತನ್ನಿ. ಫ್ಲ್ಯಾಶಿನ ತಲೆಯೊಳಗೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ, ವೈಡ್ ಪ್ಯಾನೆಲ್. ಅದನ್ನೂ ಎಳೆದು ಮುಂದೆ ಬಿಡಿ. ಕೊಡೆಯ ಕೋಲನ್ನು ಹಿಡಿಕೆಯ ತುದಿವರೆಗೂ ಜರುಗಿಸಿ, ಫ್ಲ್ಯಾಶಿಗೂ ಬಟ್ಟೆಗೂ ಅಂತರ ಜಾಸ್ತಿ ಆಗಲಿ. ಆಮೇಲೆ ಪರೀಕ್ಷೆ ಮಾಡಿ. ಅಜ್ಜಿ ಬೇಡ, ಅವರು ಒಳಗೆ ಕಾಫಿ ಕುಡಿಯಲಿ. ನೀವು ಅವರ ಜಾಗದಲ್ಲಿ ಕೂತು, ಕೊಡೆಯದ್ದೇ ಫೋಟೋ ತೆಗೆಯಿರಿ. ಐಎಸ್‌ಒ 100, ಎಫ್ 16. ಸುತ್ತೆಲ್ಲ ಕಪ್ಪಾಗಿ ಕೊಡೆ ಒಂದೇ ಕಾಣುತ್ತದೆ. ಅಂಚಿನಿಂದ ಅಂಚಿಗೆ ಬೆಳ್ಳಗಿದ್ದರೆ ಸರಿ.

ನಿಮ್ಮ ತಪ್ಪಿನಲ್ಲಿ ಅರ್ಧ ಇದು. ಉಳಿದರ್ಧ ದೂರದ್ದು.

ಬೆಳಕು ಮೆತ್ತಗಿರುವುದು ಕೊಡೆ ಅಂಗಡಿಯಲ್ಲಿ ಎಷ್ಟು ದೊಡ್ಡದಿತ್ತು ಅನ್ನುವುದರಿಂದ ಅಲ್ಲ. ಅಜ್ಜಿಯ ಮೂಗಿನ ತುದಿಯಲ್ಲಿ ಕೂತು ನೋಡಿದರೆ ಅದು ಎಷ್ಟು ದೊಡ್ಡದು ಕಾಣುತ್ತದೆ ಅನ್ನುವುದರಿಂದ. ಮೂರೂವರೆ ಮೀಟರ್ ಆಚೆ ಇಟ್ಟ 165ರ ಕೊಡೆಯೂ, 1.2 ಮೀಟರ್ ಹತ್ತಿರ ಇಟ್ಟ 57 ಸೆಂ.ಮೀ. ಕೊಡೆಯೂ ಒಂದೇ. ಲೆಕ್ಕ ಹಾಕಿ ನೋಡಿ. ಮಕ್ಕಳು ಶಾಲೆಗೆ ಹಿಡಿದು ಹೋಗುವ ಕೊಡೆ ಅದಕ್ಕಿಂತ ದೊಡ್ಡದಿರುತ್ತದೆ. ನೀವು 7 ಅಡಿಯದ್ದನ್ನು ತಂದು ಐದು ಮೀಟರ್ ಆಚೆ ನಿಲ್ಲಿಸಿದರೂ ಇದೇ ಹಣೆಬರಹ.

ನನ್ನದೊಂದು ಕಥೆ ಹೇಳುತ್ತೇನೆ. 1991. ಹಾಸನದಲ್ಲಿ ನನ್ನ ಸ್ಟುಡಿಯೋ. ಹತ್ತಡಿ ಅಗಲ, ಇಪ್ಪತ್ತೆರಡು ಅಡಿ ಉದ್ದ, ರೈಲು ಡಬ್ಬಿ ಥರ. ಆಗ ಗಂಡಿನ ಕಡೆಗೆ ಕಳಿಸಲು ಹುಡುಗಿಯರ ಫೋಟೋ ತೆಗೆಸುವುದು ದೊಡ್ಡ ವ್ಯಾಪಾರ. ಹೊಸದಾಗಿ ಕೊಡೆ ಲೈಟ್ ತಂದಿದ್ದೆ. ನಡುವೆ ಇಟ್ಟರೆ ಬಂದವರು ಎಡವುತ್ತಾರೆ ಅಂತ ಅದನ್ನು ಮೂಲೆಗೆ, ಗೋಡೆಗೆ ಒರಗಿಸಿಯೇ ಇಟ್ಟಿದ್ದೆ. ಒಬ್ಬ ಹುಡುಗಿಯ ಫೋಟೋ ತೆಗೆದು ಕೊಟ್ಟೆ. ಮೂರನೇ ದಿನ ಅವಳ ತಾಯಿ ಬಂದರು. ಕವರ್ ಮೇಜಿನ ಮೇಲಿಟ್ಟು, "ನಮ್ಮ ಹುಡುಗಿ ಮೂಗು ಇಷ್ಟುದ್ದ ಇದೆಯಾ?" ಅಂದರು. ನೋಡಿದೆ. ಮೂಗು ಸರಿಯಾಗಿತ್ತು. ಉದ್ದ ಇದ್ದದ್ದು ನೆರಳು. ಕಪ್ಪಗೆ, ಚೂಪಾಗಿ, ತುಟಿವರೆಗೂ ಇಳಿದಿತ್ತು. ದುಡ್ಡು ವಾಪಸ್ ಕೇಳಲಿಲ್ಲ ಅವರು. ಕೇಳಿದ್ದರೆ ವಾಸಿ ಇತ್ತು.

ಮತ್ತೆ ಕೂರಿಸಿದೆ. ಈ ಸಲ ಕೊಡೆಯನ್ನು ಎಳೆದು ಎಳೆದು ಹತ್ತಿರ ತಂದೆ. ಕಡ್ಡಿಯ ತುದಿ ಅವಳು ಮುಡಿದಿದ್ದ ಕನಕಾಂಬರಕ್ಕೆ ಸಿಕ್ಕಿಕೊಂಡಿತು, ಅಷ್ಟು ಹತ್ತಿರ. ಆ ನೆರಳು ಪೂರ್ತಿ ಹೋಗಲಿಲ್ಲ, ಆದರೆ ಅದರ ಅಂಚು ಕರಗಿತು. ಕೆನ್ನೆಯ ಬೆಳಕು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗದ ಹಾಗೆ. ಅವತ್ತಿಂದ ನನ್ನ ಅಳತೆ ಒಂದೇ: ಕೊಡೆ ಎಷ್ಟು ಅಗಲವೋ ಅದಕ್ಕಿಂತ ದೂರ ಹೋಗಬಾರದು. ಒಬ್ಬರ ಫೋಟೋಗೆ ಮಾತ್ರ ಈ ಮಾತು. ಗುಂಪಿನದ್ದು ಬೇರೆ.

ನಿಮ್ಮದು ಶೂಟ್‌ಥ್ರೂ ಆದ್ದರಿಂದ ಒಂದು ಅನುಕೂಲ ಇದೆ. ಕೊಡೆಯ ಬೆನ್ನು ಅಜ್ಜಿಯ ಕಡೆಗಿರುತ್ತದೆ, ಸ್ಟ್ಯಾಂಡ್ ಹಿಂದೆ ಉಳಿಯುತ್ತದೆ. ಬಟ್ಟೆಯನ್ನು ಮುಖದ ಹತ್ತಿರ ಎಷ್ಟು ಬೇಕಾದರೂ ತರಬಹುದು. ನನ್ನದು ಬೆಳಕು ತಿರುಗಿ ಹೊಡೆಯುವ ಕೊಡೆ, ಅದರಲ್ಲಿ ಕೋಲೂ ಲೈಟೂ ಕೂತವರ ಮುಖಕ್ಕೇ ಬರುತ್ತಿದ್ದವು. ಫ್ರೇಮಿನ ಅಂಚಿಗೆ ತಾಗುವವರೆಗೂ ತನ್ನಿ. ಒಂದು ಮೂಲೆ ಫೋಟೋದೊಳಗೆ ಬಂದರೆ ಒಂದು ಇಂಚು ಹಿಂದೆ ಸರಿಸಿ, ಅಷ್ಟೇ. 1.2 ಮೀಟರಿಗೆ ತಂದರೆ ಬೆಳಕು ಮೂರು ಸ್ಟಾಪ್ ಏರುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಜೂಮ್ ಅಗಲ ಮಾಡಿದ್ದಕ್ಕೆ ಒಂದು ಸ್ಟಾಪ್ ಕಳೆಯಿರಿ. ಅರ್ಧ ಪವರ್ ಬದಲು 1/8ರಿಂದ ಶುರು ಮಾಡಿ.

ಹತ್ತಿರ ತಂದರೆ ಇನ್ನೊಂದು ಲಾಭ. ನಿಮ್ಮ ಫೋಟೋದಲ್ಲಿ ಅಜ್ಜಿಗಿಂತ ಹಿಂದಿನ ಗೋಡೆ, ಕ್ಯಾಲೆಂಡರ್, ಸ್ವಿಚ್ ಬೋರ್ಡೇ ಜಾಸ್ತಿ ಮಾತಾಡುತ್ತಿವೆ. ಗೋಡೆ ಅಜ್ಜಿಯಿಂದ ಒಂದೂವರೆ ಮೀಟರ್ ಹಿಂದಿದೆ ಅಂದುಕೊಳ್ಳಿ. ಕೊಡೆ ಮೂರೂವರೆ ಮೀಟರಿನಲ್ಲಿದ್ದಾಗ ಗೋಡೆಗೂ ಮುಖಕ್ಕೂ ಒಂದು ಸ್ಟಾಪಿನ ವ್ಯತ್ಯಾಸ. 1.2ಕ್ಕೆ ತಂದರೆ ಎರಡು ಸ್ಟಾಪಿಗೂ ಜಾಸ್ತಿ. ಗೋಡೆ ತಾನಾಗಿ ಕತ್ತಲಿಗೆ ಸರಿಯುತ್ತದೆ, ಕ್ಯಾಲೆಂಡರ್ ಕೀಳಬೇಕಿಲ್ಲ.

---

ತುಂಗೆಯಾಚೆ:

ಸರ್, 105ರಲ್ಲೇ ಇತ್ತು! ಆಫೀಸಿನ ಪಾರ್ಟಿಯಲ್ಲಿ ಚಾವಣಿಗೆ ಹೊಡೆಯಲು ಇಟ್ಟದ್ದು, ಬದಲಿಸಿಯೇ ಇರಲಿಲ್ಲ. ಕನ್ನಡಕದಲ್ಲಿ ನೋಡಿ ನಗು ಬಂತು. ಎರಡು ದಿನ ಫೋಟೋಶಾಪಿನಲ್ಲಿ ಅದೇ ಚುಕ್ಕೆ ಅಳಿಸಲು ಕೂತಿದ್ದೆ.

ಹಸಿರು, ಕೆಂಪು ಎಲ್ಲಿಂದ ಬಂತು? ವೈಟ್ ಬ್ಯಾಲೆನ್ಸ್ (ಫೋಟೋದ ಬಣ್ಣದ ಹದ) ತಿದ್ದಿದರೆ ಒಂದು ಕಡೆ ಸರಿ, ಇನ್ನೊಂದು ಕಡೆ ನೇರಳೆ ಆಗುತ್ತದೆ. ಜೊತೆಗೆ ಇನ್ನೊಂದು ಕೆಲಸ ತಲೆಗೆ ಬಂದಿದೆ. ಹಬ್ಬಕ್ಕೆ ಎಲ್ಲರೂ ಸೇರುತ್ತೇವೆ, ಹನ್ನೊಂದು ಜನ. ಅದಕ್ಕೂ ಕೊಡೆ ಇಷ್ಟೇ ಹತ್ತಿರ ಇಡಬೇಕಾ?

---

ಮಂಗಳೂರು ಮಳೆ ಉತ್ತರ:

ಬಣ್ಣದ್ದು ನಾನು ಹೇಳುತ್ತೇನೆ, ನನಗೆ ಅದರಲ್ಲಿ ಪೆಟ್ಟು ತಿಂದು ಗೊತ್ತು. ಎಳೆ ಮಕ್ಕಳ ಫೋಟೋ ತೆಗೆಯುತ್ತೇನೆ, ಅವರವರ ಮನೆಗೇ ಹೋಗಿ.

ನಿಮ್ಮ ಜಗಲಿ ಗೋಡೆ ಹಸಿರು ಡಿಸ್ಟೆಂಪರ್, ನೆಲ ರೆಡ್ ಆಕ್ಸೈಡ್. ಫೋಟೋದಲ್ಲೇ ಕಾಣುತ್ತದೆ. ಶೂಟ್‌ಥ್ರೂ ಕೊಡೆಯಲ್ಲಿ ಎಲ್ಲಾ ಬೆಳಕೂ ಮುಂದೆ ಹೋಗುವುದಿಲ್ಲ. ಬಹಳಷ್ಟು ಬಟ್ಟೆಗೆ ಬಡಿದು ಹಿಂದಕ್ಕೆ ಬಂದು ಕೋಣೆ ತುಂಬುತ್ತದೆ. ಬಿಳಿ ಗೋಡೆ ಆದರೆ ಒಳ್ಳೆಯದೇ, ನೆರಳು ತುಂಬುತ್ತದೆ. ಹಸಿರು ಗೋಡೆ ಆದರೆ ಹಸಿರು ಬೆಳಕಾಗಿ ಬರುತ್ತದೆ. ಒಂದು ಕೆನ್ನೆಗೆ ಫ್ಲ್ಯಾಶ್, ಇನ್ನೊಂದಕ್ಕೆ ಗೋಡೆ. ಎರಡು ಬಣ್ಣದ ಬೆಳಕನ್ನು ಒಂದೇ ವೈಟ್ ಬ್ಯಾಲೆನ್ಸಿನಲ್ಲಿ ತಿದ್ದಲು ಆಗದು. ಗಲ್ಲದ ಕೆಳಗಿನ ಕೆಂಪು ನೆಲದ್ದು.

ಮದ್ದು ಮನೆಯಲ್ಲೇ ಇದೆ. ಅಜ್ಜಿಯ ಮುಂದೆ ನೆಲದ ಮೇಲೆ ಒಂದು ಬಿಳಿ ಪಂಚೆ ಹಾಸಿ, ಫ್ರೇಮಿನಿಂದ ಹೊರಗೆ. ಕೆಂಪು ಹೋಗುತ್ತದೆ, ಗಲ್ಲದ ಕೆಳಗೆ ಸ್ವಲ್ಪ ಬೆಳಕೂ ಏರುತ್ತದೆ. ಬಲಗಡೆ ಇನ್ನೊಂದು ಪಂಚೆ, ಕುರ್ಚಿ ಬೆನ್ನಿಗೆ ಹಾಕಿದರೆ ಸಾಕು. ಜರಿ ಅಂಚು ಒಳಗೆ ಮಡಚಿ. ಪಂಚೆಗೆ ನೀಲಿ ಜಾಸ್ತಿ ಹಾಕಿ ಒಗೆದಿದ್ದರೆ ಅದು ಬೇಡ, ಬೆಡ್‌ಶೀಟ್ ಹುಡುಕಿ. ಇದು ತಮಾಷೆ ಅಲ್ಲ, ಒಂದು ಮಗುವಿನ ಕೆನ್ನೆ ನೀಲಿ ಬಂದು ಅದರ ಅಮ್ಮ ಹೆದರಿದ್ದರು.

ಮುಂದೆ ಎಂದಾದರೂ ಕೊಳ್ಳುವುದಾದರೆ ಹೊರಗೆ ಕಪ್ಪು, ಒಳಗೆ ಬಿಳಿ ಇರುವ ಕೊಡೆ ನೋಡಿ. ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟುವಂಥದ್ದೂ ಇದೆ. ಫೋಟೆಕ್‌ನವರ ಸಾಫ್ಟ್‌ಲೈಟರ್ ಅಂಥದ್ದೇ, ಅಮೆರಿಕದ ಹೆಸರಾಂತ ಫೋಟೋಗ್ರಾಫರ್ ಆನಿ ಲೀಬೊವಿಟ್ಜ್ ಬಳಸುತ್ತಾರೆ ಅಂತ ಅದಕ್ಕೆ ಹೆಸರು. ಬೆಳಕು ಹಿಂದೆ ಚೆಲ್ಲುವುದಿಲ್ಲ, ಬಣ್ಣದ ಗೋಡೆಗಳ ಮನೆಗೆ ಹೇಳಿ ಮಾಡಿಸಿದ್ದು. ಬೆಳ್ಳಿ ಬಣ್ಣದ ಒಳಮೈ ಮಾತ್ರ ಅಜ್ಜಿಯಂದಿರಿಗೆ ಬೇಡ. ಬೆಳಕು ಜಾಸ್ತಿ ಸಿಗುತ್ತದೆ, ಸುಕ್ಕುಗಳೂ ಒಂದೊಂದಾಗಿ ಎದ್ದು ನಿಲ್ಲುತ್ತವೆ.

ಹೊರಗೆ ಅಂಗಳದಲ್ಲಿ ತೆಗೆಯುವ ಯೋಚನೆ ಇದ್ದರೆ ಒಂದು ಮಾತು. 165ರ ಕೊಡೆ ಅಂದರೆ ಹಾಯಿ. ನಮ್ಮ ಟೆರೇಸಿನಲ್ಲಿ ಐದು ಸೆಕೆಂಡ್ ಕೈ ಬಿಟ್ಟೆ. ಕೊಡೆ, ಸ್ಟ್ಯಾಂಡ್, ಫ್ಲ್ಯಾಶ್ ಮೂರೂ ಒಟ್ಟಿಗೆ ಹಾರಿ ಪಕ್ಕದ ಮನೆಯ ನುಗ್ಗೆ ಮರದಲ್ಲಿ ಕೂತವು. ಫ್ಲ್ಯಾಶ್ ಉಳಿಯಿತು, ಕೊಡೆಯ ಐದು ಕಡ್ಡಿ ಹೋದವು. ಈಗ 5 ಲೀಟರಿನ ಎಣ್ಣೆ ಕ್ಯಾನಿಗೆ ನೀರು ತುಂಬಿ ಸ್ಟ್ಯಾಂಡಿಗೆ ತೂಗುಹಾಕುತ್ತೇನೆ. ಅಷ್ಟಾದರೂ ಒಬ್ಬರು ಹಿಡಿದಿರಲೇಬೇಕು.

---

ಕ್ಲಿಕ್‌ಕಿಟ್ಟಿ:

ಸರಿ ಸರಿ, ಸಾಫ್ಟ್‌ಬಾಕ್ಸ್ ಮಾತು ವಾಪಸ್ ತಗೊಂಡೆ. ಆದ್ರೆ ಒಂದು ಡೌಟು. ಮಳೆಗಾಲದ ಮಧ್ಯಾಹ್ನ ಜಗಲಿಯಲ್ಲಿ ಸುಮ್ನೆ ಕೂರಿಸಿ ತೆಗೆದ್ರೆ ಆಗಲ್ವಾ? ಮೋಡಕ್ಕಿಂತ ದೊಡ್ಡ ಕೊಡೆ ಯಾವುದಿದೆ?

---

ಹಳೇ ಸ್ಟುಡಿಯೋ:

ಕಿಟ್ಟಿ, ಆಗುತ್ತೆ, ಚೆನ್ನಾಗೇ ಆಗುತ್ತೆ. ಅಜ್ಜಿ ಹೆಬ್ಬಾಗಿಲಿನಿಂದ ಎರಡು ಮಾರು ಒಳಗೆ ಕೂರಬೇಕು. ಸೂರಿನಿಂದ ಹೊರಗೆ ಕೂರಿಸಿದರೆ ಮೋಡದ ಬೆಳಕು ನೆತ್ತಿ ಮೇಲಿಂದ ಬಿದ್ದು ಕಣ್ಣು ಗುಳಿ ಬೀಳುತ್ತವೆ. ಬಾಗಿಲೊಳಗೆ ಬಂದ ಬೆಳಕಿಗೆ ಒಂದು ದಿಕ್ಕು ಬರುತ್ತದೆ. ಆದರೆ ಇವರು ಊರಿಗೆ ಹೋಗುವುದು ಶನಿವಾರ ಸಂಜೆ. ಮೋಡ ಇವರ ರಜೆ ನೋಡಿಕೊಂಡು ಬರುವುದಿಲ್ಲವಲ್ಲ.

ತುಂಗೆಯಾಚೆಯವರೇ, ಹನ್ನೊಂದು ಜನಕ್ಕೆ ನಾನು ಮೇಲೆ ಹೇಳಿದ್ದನ್ನು ಮರೆಯಿರಿ. ಕೊಡೆ ಒಂದು ಪಕ್ಕದಲ್ಲಿ, ಮೊದಲನೆಯವರಿಂದ ಒಂದೂವರೆ ಮೀಟರಿನಲ್ಲಿದ್ದು ಕೊನೆಯವರು ಮೂರು ಮೀಟರಿನಲ್ಲಿದ್ದರೆ, ಕೊನೆಯವರಿಗೆ ಬೀಳುವುದು ಕಾಲು ಭಾಗ ಬೆಳಕು. ಚಿಕ್ಕಪ್ಪ ಬೆಳ್ಳಗೆ, ದೊಡ್ಡಪ್ಪ ಕಪ್ಪಗೆ. ಹಬ್ಬದ ದಿನ ಜಗಳಕ್ಕೆ ಇಷ್ಟು ಸಾಕು. ಕೊಡೆಯನ್ನು ಕ್ಯಾಮರಾ ಪಕ್ಕಕ್ಕೆ ತಂದು, ಮೂರೂವರೆಯಿಂದ ನಾಲ್ಕು ಮೀಟರ್ ಹಿಂದೆ, ಮೇಲೆ ಇಡಿ. ಕೊಡೆಯ ಮೂತಿಯನ್ನು ಹತ್ತಿರದವರ ಕಡೆ ಅಲ್ಲ, ತೀರಾ ದೂರದವರ ಕಡೆ ತಿರುಗಿಸಿ. ಹತ್ತಿರದವರಿಗೆ ಅಂಚಿನ ಬೆಳಕು ಸಾಕಾಗುತ್ತದೆ. ಬೆಳಕು ಸ್ವಲ್ಪ ಗಡುಸಾಗುತ್ತದೆ, ಆಗಲಿ. ಗುಂಪಿನಲ್ಲಿ ಎಲ್ಲರ ಮುಖ ಕಾಣುವುದು ಮುಖ್ಯ. ನೀವು ದೊಡ್ಡ ಕೊಡೆ ತಂದದ್ದರ ನಿಜವಾದ ಉಪಯೋಗ ಇಲ್ಲಿದೆ. ಅಷ್ಟು ಹಿಂದೆ ಹೋದ ಮೇಲೂ ಅದು ಒಂದಿಷ್ಟು ಮೆತ್ತಗೆ ಉಳಿಯುತ್ತದೆ. ಚಿಕ್ಕದಾದರೆ ಪೂರ್ತಿ ಬಲ್ಬೇ.

ದೂರಕ್ಕೂ ಅಪರ್ಚರಿಗೂ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ನನ್ನ ಹತ್ತಿರ ಫ್ಲ್ಯಾಶ್ ಮೀಟರ್ ಇರಲಿಲ್ಲ. ಒಂದು ಹುರಿ ಇತ್ತು. ಸ್ಟ್ಯಾಂಡಿಗೆ ಕಟ್ಟಿದ್ದೆ, ಅದರಲ್ಲಿ ಮೂರು ಗಂಟು. 4 ಅಡಿಗೆ ಒಂದು, ಐದೂವರೆಗಿಂತ ಚೂರು ಮುಂದೆ ಒಂದು, 8 ಅಡಿಗೆ ಒಂದು. ಹುರಿ ಎಳೆದು ಕೂತವರ ಗಲ್ಲಕ್ಕೆ ಹಿಡಿಯುವುದು. ಮೊದಲ ಗಂಟು ಎಫ್ 8, ಎರಡನೆಯದು 5.6, ಮೂರನೆಯದು 4. ಅಡಿಯನ್ನೂ ಅಪರ್ಚರನ್ನೂ ಗುಣಿಸಿ ನೋಡಿ, ಎಲ್ಲದಕ್ಕೂ 32ರ ಹತ್ತಿರವೇ ಬರುತ್ತದೆ. ನಿಮ್ಮ ಫ್ಲ್ಯಾಶಿಗೂ ಕೊಡೆಗೂ ಇಂಥದ್ದೇ ಒಂದು ಸಂಖ್ಯೆ ಇರುತ್ತದೆ, ಒಂದು ಸಲ ಕಂಡುಹಿಡಿದು ಹುರಿಗೆ ಗಂಟು ಹಾಕಿದರೆ ಮುಗಿಯಿತು. ಮಕ್ಕಳು ಆ ಹುರಿ ಹಿಡಿದು ಎಳೆದಾಡುತ್ತಿದ್ದರು, ವರ್ಷಕ್ಕೆ ಎರಡು ಹುರಿ ಬೇಕಾಗುತ್ತಿತ್ತು.

ಕನ್ನಡಕದ್ದೂ ಹೇಳಿಬಿಡುತ್ತೇನೆ. ಕೊಡೆ ಹತ್ತಿರ ಬಂದರೆ ಗಾಜಿನಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತದೆ, ತಪ್ಪಿಸುವುದು ಕಷ್ಟ. ಮೇಲೆತ್ತಿ. ನಿಮ್ಮ ಮುಚ್ಚಿಗೆ ತಗ್ಗು, ಕೊಡೆ ತೊಲೆಗೆ ತಾಗುತ್ತದೆ. ಹಾಗಾದರೆ ಅಜ್ಜಿಯನ್ನೇ ಇಳಿಸಿ, ಕುರ್ಚಿ ಬದಲು ಗಿಡ್ಡ ಸ್ಟೂಲು. ಕನ್ನಡಕದ ಕಡ್ಡಿಯನ್ನು ಕಿವಿಯಿಂದ ಅರ್ಧ ಇಂಚು ಮೇಲೆ ಕೂರಿಸಿ. ಗಾಜು ನೆಲದ ಕಡೆ ವಾಲುತ್ತದೆ, ಕೊಡೆ ಮಾಯ. ಕೂದಲೊಳಗೆ ಯಾರಿಗೂ ಕಾಣುವುದಿಲ್ಲ.

ಅವರ ಮೂಗುಬೊಟ್ಟು ವಜ್ರದ್ದಾ? ಹಾಗಾದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಇಷ್ಟು ಮೆತ್ತನೆ ಬೆಳಕಿನಲ್ಲಿ ಅದು ಗಾಜಿನ ಹರಳಿನ ಹಾಗೆ ಸಪ್ಪೆ ಆಗುತ್ತದೆ. ಹರಳು ಮಿನುಗಲು ಚಿಕ್ಕ, ಚೂಪು ಬೆಳಕೇ ಬೇಕು. ಹಿಂದೆಲ್ಲಾದರೂ ಒಂದು ಬರೀ ಬಲ್ಬ್ ಉರಿಯುತ್ತಿರಲಿ. ದೇವರ ಮನೆಯದ್ದಾದರೂ ಆದೀತು, ಅದರ ಬೆಳಕೂ ಫೋಟೋದಲ್ಲಿ ಬರಲು ಶಟರ್ 1/30ಕ್ಕೆ ಇಳಿಸಿ.

---

ತುಂಗೆಯಾಚೆ:

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಮೊನ್ನೆ ಮತ್ತೆ ತೆಗೆದೆ. ಜೂಮ್ 24, ಪ್ಯಾನೆಲ್ ಎಳೆದು, 1.2 ಮೀಟರ್. 1/8 ಸ್ವಲ್ಪ ಕಮ್ಮಿ ಆಯಿತು, 1/4ಕ್ಕೆ ಏರಿಸಿದೆ. ನೆಲಕ್ಕೆ ಅಪ್ಪನ ಪಂಚೆ. ಅಪ್ಪ ಅದರ ಮೇಲೆ ಚಪ್ಪಲಿ ಕಾಲಿಟ್ಟು ಅಮ್ಮನಿಂದ ಬೈಸಿಕೊಂಡರು. ಕೊಡೆ ತೊಲೆಗೆ ತಾಗಿತು, ಆದ್ದರಿಂದ ಅಜ್ಜಿ ಹಾಲು ಕರೆಯುವ ಸ್ಟೂಲಿನ ಮೇಲೆ ಕೂತಿದ್ದಾರೆ. ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ. 1/30ರಲ್ಲಿ ನಾಲ್ಕು ಸಲ ಅಜ್ಜಿ ಅಲುಗಾಡಿದರು, ಐದನೆಯದು ಬಂತು.

ಮೂಗಿನ ನೆರಳು ಇದೆ, ಅಂಚಿಲ್ಲ. ಅಜ್ಜಿ ಫೋಟೋ ಹಿಡಿದು ತುಂಬ ಹೊತ್ತು ನೋಡಿದರು. "ಇದನ್ನೇ ಇಟ್ಕೊಳ್ಳಿ, ಆಮೇಲೆ ಹಾರ ಹಾಕ್ಲಿಕ್ಕೆ ಬೇರೆ ಹುಡುಕೋದು ಬೇಡ" ಅಂದರು. ಅಮ್ಮ ಎದ್ದು ಒಳಗೆ ಹೋದರು. ಅಜ್ಜಿ ಆಗಲೇ ಕೊಡೆಯ ಬಟ್ಟೆ ಮುಟ್ಟಿ ನೋಡುತ್ತಿದ್ದರು, ಸಂಡಿಗೆ ಒಣಗಿಸಲು ಆಗುತ್ತಾ ಅಂತ.

---

ಹಳೇ ಸ್ಟುಡಿಯೋ:

ದೊಡ್ಡದು ಮಾಡಿ ನೋಡಿದೆ. ಕನ್ನಡಕ ಖಾಲಿ, ಕೊಡೆ ಈಗ ಕಣ್ಣಿನಲ್ಲಿದೆ. ಹದಿನಾರು ಕಡ್ಡಿಯಲ್ಲಿ ಹನ್ನೊಂದು ಎಣಿಸಿದೆ, ಉಳಿದವು ರೆಪ್ಪೆಯ ಮರೆಯಲ್ಲಿವೆ. ಕುತ್ತಿಗೆ ಬಳಿ ಇನ್ನೂ ಚೂರು ಕೆಂಪಿದೆ, ಅದನ್ನು ಬಿಟ್ಟುಬಿಡಿ, ಆ ನೆಲದ ಮೇಲೇ ಅಲ್ವಾ ಅವರು ಅಷ್ಟು ವರ್ಷ ಓಡಾಡಿದ್ದು. ಪ್ರಿಂಟ್ ಹಾಕಿಸುವಾಗ ಗ್ಲಾಸಿ ಬೇಡ, ಮ್ಯಾಟ್ ಹಾಕಿಸಿ. 12x18 ಸಾಕು. ಕೊಡೆಯನ್ನು ಸಂಡಿಗೆಗೆ ಕೊಡಬೇಡಿ, ಎಣ್ಣೆ ಕಲೆ ಹೋಗುವುದಿಲ್ಲ.